ನಾಯಿ ಕೊಳ್ಳುವ ಮುನ್ನ ಮುಂಗಾಲು ನೋಡಿರಿ

ಜಾತ್ರೆಯಲ್ಲಿ ಎತ್ತಿನ ಹಲ್ಲು, ಸುಳಿ, ಗೊರಸು ನೋಡದೆ ಸಂಚಕಾರ ಕೊಡದ ನಾವು, ನಾಯಿಮರಿ ಕೊಳ್ಳುವಾಗ ಮಾತ್ರ ಮುಖ ನೋಡಿ ಮರುಳಾಗುತ್ತೇವೆ. ಕಾಫಿ ಬೋರ್ಡಿನ ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಸದಸ್ಯರು ಹಿಂದಿರುಗುವಾಗ ಶಿವಾಜಿನಗರದ ಕಡೆ ಹೋಗಿ, ತೋಟದ ಕಾವಲಿಗೆ ಮರಿಯೊಂದನ್ನು ತರುವುದುಂಟು. ನಾವೂ ಒಮ್ಮೆ ಹಾಗೆಯೇ ತಂದೆವು. ಅಗಲವಾದ ಎದೆ, ದಪ್ಪ ಕಾಲು ಕಂಡು ಒಪ್ಪಿದೆವು. ವರ್ಷ ತುಂಬುವುದರೊಳಗೆ ಅದು ತೋಟದ ಇಳಿಜಾರಿನಲ್ಲಿ ಮುಗ್ಗರಿಸತೊಡಗಿತು. ಎರಡನೆಯ ಮಳೆಗಾಲದ ಹೊತ್ತಿಗೆ ಕುಂಟು ಖಾಯಮ್ಮಾಯಿತು. ದೋಷ ಹೆಗಲು ಮತ್ತು ಮೊಣಕೈಯಲ್ಲಿದೆಯೆಂದು ಪಶುವೈದ್ಯರು ತೋರಿಸಿಕೊಟ್ಟರು. ಆ ಪಾಠ ಸದಸ್ಯ ಬಾಂಧವರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇವೆ.

ಮನುಷ್ಯನ ತೋಳನ್ನು ಎದೆಗೂಡಿಗೆ ಜೋಡಿಸುವ ಕೊರಳೆಲುಬು ನಾಯಿಗೆ ಇಲ್ಲವೆಂದೇ ಹೇಳಬಹುದು. ಅದರ ಮುಂಡವು ಎರಡು ಮುಂಗಾಲುಗಳ ನಡುವೆ ಸ್ನಾಯುಗಳ ಜೋಲಿಯಲ್ಲಿ ತೂಗುತ್ತಿರುತ್ತದೆ. ನಿಂತ ನಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 60 ಭಾಗ ಮುಂಗಾಲುಗಳ ಮೇಲಿರುತ್ತದೆ. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಹೆಗಲ ಹಲಗೆ ಮುಂದಕ್ಕೆ ಓರೆಯಾಗಿ ಇಳಿದು, ಅಲ್ಲಿಂದ ಮೇಲ್ತೋಳು ಹಿಂದಕ್ಕೆ ಬಾಗಿ ಬಂದರೆ, ಕಾಲು ನೆಲಕ್ಕೆ ತಗುಲಿದ ಪೆಟ್ಟನ್ನು ಆ ಮಡಿಕೆ ನುಂಗಿಕೊಳ್ಳುತ್ತದೆ. ಎರಡೂ ನೆಟ್ಟಗಿದ್ದರೆ ಹೆಜ್ಜೆ ಗಿಡ್ಡವಾಗುತ್ತದೆ, ಪೆಟ್ಟು ನೇರವಾಗಿ ಮೇಲೇರುತ್ತದೆ.

ಹೆಗಲ ಹಲಗೆ 45 ಡಿಗ್ರಿ ಓರೆಯಿರಬೇಕೆಂಬುದು ಹಳೆಯ ಪುಸ್ತಕಗಳ ಮಾತು. ಅಮೆರಿಕದ ರೇಚಲ್ ಪೇಜ್ ಎಲಿಯಟ್ ಎಂಬಾಕೆ ನಾಯಿಗಳ ಚಲನೆಯನ್ನು ಎಕ್ಸರೇ ಚಲಚಿತ್ರದಲ್ಲಿ ಹಿಡಿದು, ಚೆನ್ನಾಗಿ ನಡೆಯುವ ನಾಯಿಗಳಲ್ಲೂ ಅಷ್ಟು ಓರೆ ಇರುವುದಿಲ್ಲವೆಂದು ತೋರಿಸಿದರು. ಆದುದರಿಂದ ಡಿಗ್ರಿಯ ಲೆಕ್ಕ ಬಿಟ್ಟು ಕೆಳಗಿನವನ್ನು ನೋಡುವುದು ಲೇಸು.

1. ಪಕ್ಕದಿಂದ ನೋಡಿದಾಗ ಮೊಣಕೈಯು ಹೆಗಲ ಹಲಗೆಯ ಮೇಲ್ತುದಿಯ ಕೆಳಗೆ ಬರಬೇಕು. ಕಾಲು ಕೊರಳಿನ ಕೆಳಗೇ ನೆಟ್ಟಂತಿದ್ದರೆ ಹೆಗಲು ನೆಟ್ಟಗಿದೆ ಎಂದು ತಿಳಿಯಿರಿ.

2. ಎದುರಿನಿಂದ ನೋಡಿದಾಗ ಕಾಲುಗಳು ನೇರವಾಗಿರಬೇಕು. ಮೊಣಕೈ ಹೊರಕ್ಕೆ ಚಾಚುವುದೂ, ಮೊಣಕೈ ಒಳಸೇರಿ ಪಾದ ಹೊರತಿರುಗುವುದೂ ದೋಷವೇ. ಎಳೆಯ ಮರಿಯ ಪಾದ ತುಸು ಹೊರತಿರುಗಿದ್ದರೆ ಬೆಳೆಯುತ್ತ ಸರಿಹೋಗಬಹುದು. ಆದ್ದರಿಂದ ತಾಯಿನಾಯಿಯನ್ನೂ ನೋಡಬೇಕು.

3. ಹಗ್ಗ ಸಡಿಲ ಬಿಟ್ಟು ಸಣ್ಣ ಓಟದಲ್ಲಿ ಓಡಿಸಿರಿ. ವೇಗ ಹೆಚ್ಚಿದಂತೆ ಪಾದಗಳು ನಡುಗೆರೆಯತ್ತ ಸರಿಯುವುದು ಸಹಜ, ದೋಷವಲ್ಲ. ಆದರೆ ಪಾದ ಅಡ್ಡಡ್ಡ ಬೀಸಿದರೆ ಬೇಡ. ನೋವಿರುವ ಮುಂಗಾಲು ಊರಿದಾಗ ನಾಯಿ ತಲೆ ಮೇಲೆತ್ತುತ್ತದೆ. ಒಳ್ಳೆಯ ಕಾಲು ಊರಿದಾಗ ತಗ್ಗಿಸುತ್ತದೆ.

ಇವೆಲ್ಲವೂ ತಳಿಗೆ ತಕ್ಕಂತೆ. ಓಟಕ್ಕೆಂದೇ ಬೆಳೆದುಬಂದ ನಮ್ಮ ಮುಧೋಳದ ನಾಯಿಯ ಕಿರಿದಾದ, ಆಳವಾದ ಎದೆಯನ್ನು ಲ್ಯಾಬ್ರಡಾರಿನ ಎದೆಗೆ ಹೋಲಿಸಬಾರದು.

ಕಣ್ಣು ಪಳಗಲು ಖರ್ಚೇನೂ ಇಲ್ಲ. ಬೆಂಗಳೂರಿನಲ್ಲಿ ಉಳಿದ ದಿನ ಬೆಳಿಗ್ಗೆ ಹಲಸೂರು ಕೆರೆಯ ಆಸುಪಾಸಿನಲ್ಲೋ ಇಂದಿರಾನಗರದ ಒಳರಸ್ತೆಗಳಲ್ಲೋ ಅರ್ಧ ಗಂಟೆ ನಿಂತು, ಜನ ತಿರುಗಾಡಿಸುವ ನಾಯಿಗಳನ್ನು ನೋಡಿರಿ. ಬಳಿಕ ಕೆ.ಆರ್. ಪುರದ ಸಂತೆಬೀದಿಯ ನಾಯಿಯನ್ನೂ ನೋಡಿರಿ. ಯಾರೂ ಆರಿಸಿ ಬೆಳೆಸದ ಆ ಪ್ರಾಣಿಯ ಹಗುರವಾದ, ನೇರವಾದ ನಡೆ ಅನೇಕ ದುಬಾರಿ ನಾಯಿಗಳಿಗಿಲ್ಲ.

ಸಾಕುವುದರಲ್ಲೂ ತಪ್ಪಾಗುತ್ತದೆ. ದೊಡ್ಡ ತಳಿಯ ಮರಿಗೆ ವೈದ್ಯರು ಹೇಳದೆ ಕ್ಯಾಲ್ಸಿಯಂ ಕೊಟ್ಟರೆ ಎಲುಬಿಗೆ ಕೆಡುಕೇ ಹೊರತು ಬಲವಲ್ಲ. ಮರಿ ಬೊಜ್ಜು ಬೆಳೆಯದಿರಲಿ. ನುಣುಪಾದ ನೆಲದ ಮೇಲೆ ಜಾರಿ ಬೀಳುವುದನ್ನೂ, ಜೀಪಿನಿಂದ ಧುಮುಕುವುದನ್ನೂ ತಪ್ಪಿಸಿರಿ.

ನಾಯಿ ಮಾರಾಟದ ಬಗ್ಗೆ 2017ರಲ್ಲಿ ಬಂದ ಕೇಂದ್ರದ ನಿಯಮಗಳಂತೆ ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ತಾಯಿಯನ್ನು ತೋರಿಸದೆ, ಮರಿಯನ್ನು ನೆಲಕ್ಕೆ ಬಿಡದೆ, ಬುಟ್ಟಿಯಲ್ಲೇ ಎತ್ತಿಕೊಡುವವರಿಂದ ಕೊಳ್ಳಬೇಡಿರಿ. ನಮ್ಮ ನಾಯಿ ಒಂಬತ್ತು ವರ್ಷ ಬದುಕಿತು. ರಾತ್ರಿ ಸದ್ದಾದಾಗ ತೋಟಕ್ಕೆ ಇಳಿಯಲಾರದೆ, ಅಂಗಳದ ಅಂಚಿನಲ್ಲೇ ನಿಂತು ಬೊಗಳುತ್ತಿತ್ತು. ಕೊಂಡ ದಿನ ನಾವು ಐದು ನಿಮಿಷ ಅದರ ಮುಂಗಾಲು ನೋಡಲಿಲ್ಲ. ಅದರ ಬೆಲೆ ತೆತ್ತದ್ದು ಆ ಮೂಕಪ್ರಾಣಿ.