ನಿಮಗಿದು ಗೊತ್ತೆ? ಸಸ್ಯಹಾಲೆಲ್ಲ ಕೂಸಿಗೆ ಒಂದೇ ಅಲ್ಲ

ಹಸುವಿನ ಹಾಲು ಒಗ್ಗದಿದ್ದರೆ ಬಾದಾಮಿ ಹಾಲು ಕೊಟ್ಟರಾಯಿತು ಎನ್ನುವವರು ಪೊಟ್ಟಣದ ಹಿಂಬದಿಯನ್ನು ಒಮ್ಮೆ ಓದಬೇಕು. 240 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 8 ಗ್ರಾಂ ಪ್ರೋಟೀನ್ ಇದ್ದರೆ, ಅಂಗಡಿಯ ಬಾದಾಮಿ ಹಾಲಿನಲ್ಲಿ ಸಾಮಾನ್ಯವಾಗಿ 1 ಗ್ರಾಂ ಆಸುಪಾಸು. ಬೆಲೆ ಬಾದಾಮಿಯದು, ಬಹುಪಾಲು ನೀರು! ಸೋಯಾ ಹಾಲು ಮಾತ್ರ 7 ಗ್ರಾಂ ಹತ್ತಿರ ಬರುತ್ತದೆ. ಅದಕ್ಕೇ ವರ್ಷ ತುಂಬಿದ ಮಕ್ಕಳಿಗೆ ಬದಲಿ ಹಾಲು ಬೇಕಾದಾಗ ಅಮೆರಿಕದ ಮಕ್ಕಳ ವೈದ್ಯರು ಮೊದಲು ಹೆಸರಿಸುವುದು ಸಕ್ಕರೆಯಿಲ್ಲದ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬೆರೆಸಿದ ಸೋಯಾ ಹಾಲನ್ನು. ಬೆರೆಸಿದ ಕ್ಯಾಲ್ಸಿಯಂ ತಳ ಹಿಡಿಯುವುದುಂಟು. ಪೊಟ್ಟಣವನ್ನು ಚೆನ್ನಾಗಿ ಕುಲುಕಿಯೇ ಬಗ್ಗಿಸಿ. ವರ್ಷ ತುಂಬುವ ಮುಂಚೆ ಹಾಲೆಂದರೆ ಎದೆಹಾಲು ಇಲ್ಲವೇ ಫಾರ್ಮುಲಾ ಮಾತ್ರ.

ಅಕ್ಕಿ ಹಾಲನ್ನು ಐದು ವರ್ಷದೊಳಗಿನವರಿಗೆ ಕೊಡಬೇಡಿ ಎನ್ನುತ್ತದೆ ಬ್ರಿಟನ್ನಿನ ಆರೋಗ್ಯ ಸೇವೆ. ನೀರು ನಿಂತ ಗದ್ದೆಯಲ್ಲಿ ಭತ್ತ ಆರ್ಸೆನಿಕ್ಕನ್ನು ಹೆಚ್ಚು ಹೀರಿಕೊಳ್ಳುತ್ತದೆ. ಪುಟ್ಟ ಮಗು ತನ್ನ ತೂಕಕ್ಕೆ ಹೋಲಿಸಿದರೆ ಬಹಳ ಹಾಲು ಕುಡಿಯುತ್ತದೆ. ಅನ್ನ ಉಣ್ಣಿಸಲು ಇದರಿಂದ ಹೆದರಬೇಕಿಲ್ಲ.

ನಮ್ಮ ರಾಗಿ ಹಾಲು? 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ನಿಜ. ಆದರೆ ರುಬ್ಬಿ, ಸೋಸಿ, ನೀರು ಬೆರೆಸಿದ ಮೇಲೆ ಬಟ್ಟಲಿಗೆ ಬರುವುದು ಅದರ ಸ್ವಲ್ಪ ಪಾಲು. ಬಿ12 ಅಂತೂ ಇಲ್ಲವೇ ಇಲ್ಲ. ರಾಗಿ ಸರಿ ಊಟವಾಗಿ ಚೆನ್ನ, ಹಾಲಿನ ಬದಲಿಗಲ್ಲ.

ಇನ್ನೊಂದು: ಹಸುವಿನ ಹಾಲಿನ ಅಲರ್ಜಿಯಿರುವ ಕೆಲವು ಮಕ್ಕಳಿಗೆ ಸೋಯಾ ಕೂಡ ಆಗುವುದಿಲ್ಲ. ಅಂಥವರು ಮೊದಲು ವೈದ್ಯರನ್ನು ಕೇಳಿಯೇ ಶುರುಮಾಡಬೇಕು.