ಸೀಸನ್ನಿಗೆ ಮುಂಚಿನ ಲೆಕ್ಕ: ಇಂಡಿಯಾನಾದ ಇಬ್ಬರು ಫಾರ್ವರ್ಡುಗಳು

ಕಾಲೇಜು ಬಾಸ್ಕೆಟ್‌ಬಾಲ್ ಟೀಮಿನ ಪಟ್ಟಿ ನೋಟೀಸು ಬೋರ್ಡಿಗೆ ಬಿದ್ದ ದಿನ ಕ್ಯಾಂಟೀನಿನಲ್ಲಿ ನಡೆಯುವ ಚರ್ಚೆಯನ್ನು ನೀವೂ ಕೇಳಿರುತ್ತೀರಿ. "ಹೋದ ವರ್ಷ ಅವನದೆಷ್ಟು ಪಾಯಿಂಟು? ಇವನದೆಷ್ಟು? ಅವನು ಪಾಸಾಗಿ ಹೋದನಲ್ಲ, ಇನ್ನು ಹಾಕುವವರು ಯಾರು?" ಹೀಗೆ ಕೂಡಿಸಿ ಕಳೆದು, ಚಹಾ ತಣ್ಣಗಾಗುವುದರೊಳಗೆ ಈ ವರ್ಷದ ಟ್ರೋಫಿ ಯಾರಿಗೆ ಎಂಬುದನ್ನೂ ತೀರ್ಮಾನಿಸಿಬಿಡುತ್ತಾರೆ. ಲೆಕ್ಕ ಸುಲಭ, ಆದರೆ ಬಹಳ ಸಲ ತಪ್ಪು. ಅದರಲ್ಲೂ ಫಾರ್ವರ್ಡುಗಳ ವಿಷಯದಲ್ಲಂತೂ ಈ ಕೂಡಿಸುವ ಲೆಕ್ಕ ಕೈಕೊಡುವುದು ಹೆಚ್ಚು. ಯಾಕೆ ಎಂಬುದನ್ನು ಒಂದು ನಿಜವಾದ ಟೀಮಿನ ಉದಾಹರಣೆಯಿಂದ ಹೇಳುವುದು ಈ ಲೇಖನದ ಉದ್ದೇಶ. ಟೀಮು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ್ದು. ಕಾಲ 1975ರ ನವೆಂಬರ್.

ಸಾಹಿತ್ಯದ ಪತ್ರಿಕೆಯಲ್ಲಿ ಚೆಂಡಾಟವೇ ಎಂದು ಹುಬ್ಬೇರಿಸುವವರೂ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ. ಆಟ ಗೊತ್ತಿಲ್ಲದವರಿಗಾಗಿ ಮೊದಲು ನಾಲ್ಕು ಮಾತು.

ಫಾರ್ವರ್ಡ್ ಅಂದರೆ ಯಾರು?

ಅಂಗಳದಲ್ಲಿ ಒಂದು ಕಡೆಗೆ ಐದು ಜನ. ಇಬ್ಬರು ಗಾರ್ಡುಗಳು, ಚೆಂಡನ್ನು ಮೇಲಕ್ಕೆ ತಂದು ಆಟ ಶುರು ಮಾಡಿಸುವವರು. ಒಬ್ಬ ಸೆಂಟರ್, ಸಾಮಾನ್ಯವಾಗಿ ಎಲ್ಲರಿಗಿಂತ ಎತ್ತರದವನು, ಬುಟ್ಟಿಯ ಬುಡದಲ್ಲಿ ಇರುವವನು. ಇವರ ನಡುವೆ ಎಡಬಲಕ್ಕೆ ಇಬ್ಬರು ಫಾರ್ವರ್ಡುಗಳು. ಹೆಸರೇನೋ 'ಮುಂದಿನವರು' ಎಂದು. ಹಾಕಿ ಫುಟ್‌ಬಾಲುಗಳಲ್ಲಿ ಫಾರ್ವರ್ಡ್ ಎಂದರೆ ಗೋಲು ಹೊಡೆಯುವವನು ಎಂದು ತಿಳಿದವರು ಇಲ್ಲೂ ಹಾಗೇ ಎಂದುಕೊಳ್ಳುತ್ತಾರೆ. ಅಲ್ಲಿಂದಲೇ ಎಡವಟ್ಟು ಶುರು.

ಬಾಸ್ಕೆಟ್‌ಬಾಲಿನಲ್ಲಿ ಫಾರ್ವರ್ಡ್ ಮಾಡಬೇಕಾದ ಕೆಲಸ ಕಡೇಪಕ್ಷ ನಾಲ್ಕು. ಅಂಕ ಹಾಕುವುದು ಒಂದು. ಗುರಿ ತಪ್ಪಿ ಹಲಗೆಗೋ ಕಬ್ಬಿಣದ ಬಳೆಗೋ ಬಡಿದು ಪುಟಿದ ಚೆಂಡನ್ನು, ಅಂದರೆ ರೀಬೌಂಡನ್ನು, ಹಿಡಿಯುವುದು ಎರಡು. ಎದುರಾಳಿಯ ಬಲಿಷ್ಠ ಫಾರ್ವರ್ಡನನ್ನು ಕಟ್ಟಿಹಾಕುವುದು ಮೂರು. ನಾಲ್ಕನೆಯದು ಸ್ಕ್ರೀನ್ ನಿಲ್ಲುವುದು. ಅಂದರೆ ತನ್ನ ಸಂಗಡಿಗನನ್ನು ಬೆನ್ನಟ್ಟಿ ಬರುವವನ ದಾರಿಗೆ ಕಂಬದ ಹಾಗೆ ಅಡ್ಡ ನಿಂತು, ಸಂಗಡಿಗನಿಗೆ ಗುರಿಯಿಡಲು ಒಂದು ಕ್ಷಣದ ಬಿಡುವು ಮಾಡಿಕೊಡುವುದು. ಈ ನಾಲ್ಕರಲ್ಲಿ ಮೊದಲನೆಯದಕ್ಕೆ ಮಾತ್ರ ಚಪ್ಪಾಳೆ. ಎರಡನೆಯದನ್ನು ಸ್ಕೋರು ಪುಸ್ತಕದಲ್ಲಿ ಬರೆಯುತ್ತಾರೆ. ಮೂರು, ನಾಲ್ಕನ್ನು ಬರೆದಿಡುವ ಕಲಮೇ ಅಂದಿನ ಪುಸ್ತಕದಲ್ಲಿ ಇರಲಿಲ್ಲ. ಯಕ್ಷಗಾನದಲ್ಲಿ ವೇಷಧಾರಿಗೆ ಚಪ್ಪಾಳೆ ಬೀಳುತ್ತದೆ. ಮದ್ದಳೆಯವನು ತಾಳ ತಪ್ಪಿದಾಗ ಮಾತ್ರ ಅವನೊಬ್ಬ ಇದ್ದಾನೆಂದು ನಮಗೆ ನೆನಪಾಗುವುದು. ಅದೇ ಕಥೆ ಇಲ್ಲೂ.

ಇನ್ನೊಂದು ಮಾತು. 1975ರ ಅಮೆರಿಕನ್ ಕಾಲೇಜು ಆಟ ಈಗಿನಂತಿರಲಿಲ್ಲ. ದೂರದಿಂದ ಎಸೆದರೆ ಮೂರಂಕ ಕೊಡುವ ಗೆರೆ ಅಲ್ಲಿ ಎಲ್ಲೆಡೆ ಜಾರಿಗೆ ಬಂದದ್ದು 1986-87ರಲ್ಲಿ. ಇಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕೆಂಬ ಗಡಿಯಾರ ಬಂದದ್ದು 1985-86ರಲ್ಲಿ. ಚೆಂಡನ್ನು ಮೇಲಿನಿಂದ ಬಳೆಯೊಳಕ್ಕೆ ತುರುಕುವ 'ಡಂಕ್' 1967ರಿಂದ 1976ರವರೆಗೆ ನಿಷಿದ್ಧವಾಗಿತ್ತು. ಹೀಗಾಗಿ ತಾಳ್ಮೆಯಿಂದ ಚೆಂಡನ್ನು ಕೈಯಿಂದ ಕೈಗೆ ದಾಟಿಸಿ, ಸರಿಯಾದ ಜಾಗ ಸಿಗುವವರೆಗೆ ಕಾಯಬಹುದಿತ್ತು. ಸ್ಕ್ರೀನ್ ನಿಲ್ಲುವವನಿಗೂ ಹದಿನೈದಡಿಯಿಂದ ಗುರಿ ತಪ್ಪದೆ ಎಸೆಯುವವನಿಗೂ ಅದು ಸುಗ್ಗಿಯ ಕಾಲ.

ಮುರಿದ ಒಂದು ಕೈ

1975ರ ನವೆಂಬರಿನಲ್ಲಿ ನಿಂತು ಮುನ್ನೋಟ ಬರೆಯುವವನು ಮೊದಲು ಹಿಂದಕ್ಕೆ ನೋಡಬೇಕಿತ್ತು. 1974-75ರಲ್ಲಿ ಕೋಚ್ ಬಾಬ್ ನೈಟ್ ಅವರ ಇಂಡಿಯಾನಾ ಟೀಮು ಒಂದೂ ಪಂದ್ಯ ಸೋಲದೆ ಮುನ್ನುಗ್ಗುತ್ತಿತ್ತು. ಫಾರ್ವರ್ಡುಗಳು ಸ್ಕಾಟ್ ಮೇ ಮತ್ತು ಸ್ಟೀವ್ ಗ್ರೀನ್. ಇಬ್ಬರೂ 6 ಅಡಿ 7 ಅಂಗುಲ, ಇಬ್ಬರದೂ ಪಂದ್ಯಕ್ಕೆ ಸರಾಸರಿ ಸುಮಾರು 16 ಅಂಕ. ನೊಗಕ್ಕೆ ಕಟ್ಟಿದ ಜೋಡೆತ್ತು ಎನ್ನಬೇಕು, ಹಾಗಿತ್ತು ಜೊತೆ.

1975ರ ಫೆಬ್ರವರಿ 22ರಂದು ಪರ್ಡ್ಯೂ ವಿಶ್ವವಿದ್ಯಾಲಯದ ವಿರುದ್ಧದ ಆಟದಲ್ಲಿ ಮೇಯ ಎಡಗೈ ಮುರಿಯಿತು. ಆ ಪಂದ್ಯವನ್ನು ಒಂದೇ ಅಂಕದಿಂದ, 83-82ರಿಂದ, ಗೆದ್ದರು. ಮುಂದಿನ ಪಂದ್ಯಗಳನ್ನೂ ಗೆದ್ದರು. ಆದರೆ ಮಾರ್ಚ್ 22ರಂದು ಡೇಟನ್ನಿನಲ್ಲಿ ಕೆಂಟಕಿ ಎದುರಾಯಿತು. ಇದೇ ಕೆಂಟಕಿಯನ್ನು ಡಿಸೆಂಬರಿನಲ್ಲಿ 98-74ರಿಂದ ಬಡಿದಿದ್ದರು! ಈಗ ಮೇ ಕೈಗೆ ಪಟ್ಟಿ ಸುತ್ತಿಕೊಂಡೇ ಅಂಗಳಕ್ಕಿಳಿದ. ಹಾಕಿದ್ದು ಎರಡೇ ಅಂಕ. ಸೆಂಟರ್ ಕೆಂಟ್ ಬೆನ್ಸನ್ ಒಬ್ಬನೇ 33 ಅಂಕ ಹಾಕಿ, 23 ರೀಬೌಂಡು ಹಿಡಿದ. ಏನು ಪ್ರಯೋಜನ? 92-90. ಎರಡು ಅಂಕದ ಸೋಲು. ಇಡೀ ವರ್ಷದಲ್ಲಿ 31 ಗೆಲುವು, ಒಂದೇ ಸೋಲು, ಆ ಒಂದೇ ಸೋಲಿಗೆ ಮನೆಗೆ ಹೋಗಬೇಕಾಯಿತು.

ಕಾಲೇಜು ಟೀಮಿನ ಸಂಕಟ ಇರುವುದೇ ಇಲ್ಲಿ. ಕ್ಲಬ್ಬಿನ ಟೀಮಾದರೆ ಮುಂದಿನ ವರ್ಷ ನೋಡೋಣ ಎನ್ನಬಹುದು. ಇಲ್ಲಿ ಹುಡುಗ ಪಾಸಾಗಿ ಹೊರಟುಬಿಡುತ್ತಾನೆ. ಗ್ರೀನ್‌ಗೆ ಅದು ಕೊನೆಯ ವರ್ಷ, ಹೊರಟ. ಬೆಂಚಿನಿಂದೆದ್ದು ಬಂದು ಎಷ್ಟೋ ಪಂದ್ಯಗಳಲ್ಲಿ ಮಾನ ಉಳಿಸಿದ್ದ ಜಾನ್ ಲಸ್ಕೋವ್ಸ್ಕಿಯೂ ಹೊರಟ. ಉಳಿದವರಲ್ಲಿ ಮೇ, ಗಾರ್ಡುಗಳಾದ ಕ್ವಿನ್ ಬಕ್ನರ್ ಮತ್ತು ಬಾಬಿ ವಿಲ್ಕರ್ಸನ್ ಇವರಿಗೆ 1975-76 ಕೊನೆಯ ಅವಕಾಶ. ಅಲ್ಲಿ ತಪ್ಪಿದರೆ ಮುಗಿಯಿತು.

ಖಾಲಿ ಬಿದ್ದದ್ದು ಏನು?

ಈಗ ಕ್ಯಾಂಟೀನ್ ಲೆಕ್ಕ ಹಾಕಿ ನೋಡಿ. ಗ್ರೀನ್‌ನ ಜಾಗಕ್ಕೆ ಬರುವವನು ಟಾಮ್ ಅಬರ್ನೆಥಿ. ಅವನೂ 6 ಅಡಿ 7 ಅಂಗುಲ, ಅವನಿಗೂ ಅದೇ ಕೊನೆಯ ವರ್ಷ. ಆದರೆ ಅಷ್ಟು ದಿನ ಹೆಚ್ಚಾಗಿ ಬೆಂಚಿನ ಮೇಲೆ ಕೂತಿದ್ದವನು. ಅವನ ಅಂಕಗಳನ್ನು ಗ್ರೀನ್‌ನ ಅಂಕಗಳ ಪಕ್ಕಕ್ಕಿಟ್ಟರೆ ಅರ್ಧಕ್ಕೂ ಬಾರದು. ಜೋಡೆತ್ತಿನಲ್ಲಿ ಒಂದು ಹೋಯಿತು, ಇನ್ನೊಂದರ ಕಾಲು ಅಂದರೆ ಕೈ ಮುರಿದು ಕೂಡಿದೆ. ಟೀಮು ಹೋದ ವರ್ಷಕ್ಕಿಂತ ದುರ್ಬಲ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು.

ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ಹೋದವನು ಎಷ್ಟು ಅಂಕ ಹಾಕುತ್ತಿದ್ದ ಎಂದಲ್ಲ; ಅವನು ಹೋದದ್ದರಿಂದ ಯಾವ ಕೆಲಸ ಖಾಲಿ ಬಿತ್ತು, ಅದನ್ನು ಇದ್ದವರಲ್ಲಿ ಯಾರಾದರೂ ಹೊರಬಲ್ಲರೇ ಎಂದು.

ಅಂಕ ಹಾಕುವ ಕೆಲಸ ಮೇಯಿಂದ ಆಗುತ್ತಿತ್ತು, ಅವನ ಕೈ ಸರಿಯಾಗಿದ್ದರೆ. ಬೆನ್ಸನ್ 6 ಅಡಿ 11 ಅಂಗುಲದ ಹುಡುಗ. ಕೆಂಟಕಿಯ ವಿರುದ್ಧ ತಾನೆಂಥವನೆಂದು ತೋರಿಸಿಬಿಟ್ಟಿದ್ದ, ಅವನಿಗೆ ಇನ್ನೂ ಎರಡು ವರ್ಷ ಬಾಕಿ. ಈ ಇಬ್ಬರಿಗೂ ಚೆಂಡು ಬೇಕು. ಪಂದ್ಯದಲ್ಲಿರುವುದು ಒಂದೇ ಚೆಂಡು ತಾನೆ! ಮೂರನೆಯವನೂ ಚೆಂಡು ಕೇಳಿದರೆ ಯಾರಿಗಾದರೂ ಕಡಿಮೆಯಾಗಲೇಬೇಕು. ಆದ್ದರಿಂದ ಖಾಲಿ ಬಿದ್ದದ್ದು ಅಂಕದ ಜಾಗವಲ್ಲ. ಚೆಂಡು ಕೇಳದೆ ಸ್ಕ್ರೀನ್ ನಿಲ್ಲುವ, ಎದುರಾಳಿಯ ದೊಡ್ಡ ಫಾರ್ವರ್ಡನನ್ನು ಹಿಡಿಯುವ, ಮೇಯನ್ನು ಆ ಹೊರೆಯಿಂದ ಬಿಡಿಸುವ, ಚೆಂಡು ತಾನಾಗಿ ಕೈಗೆ ಬಂದರೆ ಹಾಳುಮಾಡದ ಒಬ್ಬನ ಜಾಗ. ನೈಟ್ ಅವರ ಆಟದ ರೀತಿಗೂ ಇಂಥವನೇ ಬೇಕಿತ್ತು. ಮೊದಲೇ ಬರೆದಿಟ್ಟ ಚಾಲುಗಳಿಗಿಂತ, ಐವರೂ ಎಡೆಬಿಡದೆ ಚಲಿಸುತ್ತ, ಒಬ್ಬರಿಗೊಬ್ಬರು ಸ್ಕ್ರೀನ್ ಕೊಡುತ್ತ, ಎದುರಾಳಿ ಏನು ಮಾಡುತ್ತಾನೆಂದು ನೋಡಿ ದಾರಿ ಹುಡುಕುವ ಆಟ ಅದು. ಒಬ್ಬ ಸೋಮಾರಿಯಾದರೂ ಗಾಡಿ ನಿಲ್ಲುತ್ತದೆ.

ಹೀಗೆ ನೋಡಿದರೆ 1975ರ ನವೆಂಬರಿನ ಮುನ್ನೋಟ ಮೂರು ಪ್ರಶ್ನೆಗಳಿಗೆ ಇಳಿಯುತ್ತದೆ. ಮೇಯ ಕೈ ತಡೆದೀತೇ? ಅಬರ್ನೆಥಿ ಆ ಹೆಸರಿಲ್ಲದ ಕೆಲಸ ಮಾಡಿಯಾನೇ? ಮತ್ತೆ ಯಾರಿಗಾದರೂ ಪೆಟ್ಟಾದರೆ ಹೋದ ವರ್ಷದ ಹಾಗೆ ಎಲ್ಲ ಕುಸಿದೀತೇ?

ಸೀಸನ್ ಕೊಟ್ಟ ಉತ್ತರ

ಮೊದಲ ಪ್ರಶ್ನೆಗೆ ಮೊದಲ ಪಂದ್ಯದಲ್ಲೇ ಉತ್ತರ ಬಂತು. ನವೆಂಬರ್ 29, ಸೇಂಟ್ ಲೂಯಿಸ್. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಯು.ಸಿ.ಎಲ್.ಎ. ಅವರ ಫಾರ್ವರ್ಡುಗಳು ರಿಚರ್ಡ್ ವಾಷಿಂಗ್ಟನ್ ಮತ್ತು ಮಾರ್ಕಸ್ ಜಾನ್ಸನ್, ಸಾಮಾನ್ಯರಲ್ಲ. ಮೇ 33 ಅಂಕ ಹಾಕಿದ. 84-64, ಇಪ್ಪತ್ತು ಅಂಕಗಳ ಗೆಲುವು. ಆ ಸೀಸನ್ನಿನಲ್ಲಿ ಮೇಯ ಸರಾಸರಿ 23.5ಕ್ಕೆ ಏರಿತು, ದೇಶದ ಆ ವರ್ಷದ ಶ್ರೇಷ್ಠ ಕಾಲೇಜು ಆಟಗಾರನೆಂಬ ಗೌರವ ಅವನಿಗೆ ಬಂತು. ಬೆನ್ಸನ್ ಸರಾಸರಿ 17ಕ್ಕೂ ಮೇಲೆ. ಗ್ರೀನ್ ಬಿಟ್ಟುಹೋದ ಅಂಕ ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತಲ್ಲ? ಬದಲಿಯವನಿಂದಲ್ಲ, ಹಳಬರಿಂದ.

ಎರಡನೆಯ ಪ್ರಶ್ನೆಗೆ ಉತ್ತರ ನಿಧಾನವಾಗಿ ಬಂತು, ಅದು ಅದರ ಸ್ವಭಾವ. ಅಬರ್ನೆಥಿಯ ಸರಾಸರಿ ಸುಮಾರು 10 ಅಂಕ. ಪತ್ರಿಕೆಯ ತಲೆಬರಹಕ್ಕೆ ಸಾಲದು. ಎಲ್ಲ ಪಂದ್ಯಗಳೂ ಸಲೀಸಾಗಿ ಬರಲಿಲ್ಲ. ಕೆಂಟಕಿಯ ವಿರುದ್ಧ ಒಮ್ಮೆ, ಸ್ವಂತ ಊರಾದ ಬ್ಲೂಮಿಂಗ್ಟನ್ನಿನಲ್ಲೇ ಮಿಷಿಗನ್ ವಿರುದ್ಧ ಇನ್ನೊಮ್ಮೆ ಸಮ ಸಮವಾಗಿ ಹೆಚ್ಚುವರಿ ಆಟಕ್ಕೆ ಹೋಗಿ ಹೇಗೋ ಗೆದ್ದರು. ಆದರೆ ಸೋಲಲಿಲ್ಲ. 1976ರ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲಿನಲ್ಲಿ ಮತ್ತೆ ಯು.ಸಿ.ಎಲ್.ಎ. ಸಿಕ್ಕಿತು, ಈ ಸಲ ಅವರಿಗೆ ಬಿಟ್ಟುಕೊಟ್ಟದ್ದು 51 ಅಂಕ ಮಾತ್ರ, ತಾವು 65. ಕೊನೆಯ ಸುತ್ತಿನ ಪಂದ್ಯಗಳಿಂದ ಆರಿಸುವ ಐವರು ಶ್ರೇಷ್ಠರ ಪಟ್ಟಿಯಲ್ಲಿ ಬೆನ್ಸನ್, ಮೇ ಇವರ ಜೊತೆಗೆ ಮೂರನೆಯ ಇಂಡಿಯಾನಾ ಹೆಸರು ಯಾರದು ಅಂತೀರಿ? ಟಾಮ್ ಅಬರ್ನೆಥಿಯದು. ನವೆಂಬರಿನಲ್ಲಿ 'ಕೊರತೆ' ಎಂದು ಬರೆಯಬಹುದಾಗಿದ್ದ ಹೆಸರು ಮಾರ್ಚಿನಲ್ಲಿ ಆ ಪಟ್ಟಿಯಲ್ಲಿತ್ತು.

ಮೂರನೆಯ ಪ್ರಶ್ನೆಯನ್ನು ವಿಧಿಯೇ ಕೇಳಿತು ಎನ್ನಬೇಕು. 1976ರ ಮಾರ್ಚ್ 29, ಫಿಲಡೆಲ್ಫಿಯಾ, ಫೈನಲ್. ಎದುರಾಳಿ ಅದೇ ಮಿಷಿಗನ್. ಆಟ ಶುರುವಾಗಿ ಕೆಲವೇ ನಿಮಿಷ, ಗಾರ್ಡ್ ವಿಲ್ಕರ್ಸನ್‌ನ ತಲೆಗೆ ಪೆಟ್ಟು ಬಿದ್ದು ಅವನನ್ನು ಹೊರಗೆ ಒಯ್ಯಬೇಕಾಯಿತು. ಅವನು ಮರಳಿ ಬರಲಿಲ್ಲ. ವಿಲ್ಕರ್ಸನ್ ಗಾರ್ಡ್ ಆದರೂ ಎತ್ತರ ಫಾರ್ವರ್ಡಿನದು. ಹಿಂದಿನ ಪಂದ್ಯದಲ್ಲಿ 19 ರೀಬೌಂಡು ಹಿಡಿದವನು. ಅರ್ಧ ವೇಳೆಗೆ ಇಂಡಿಯಾನಾ 29, ಮಿಷಿಗನ್ 35. ಒಂದು ವರ್ಷದ ಹಿಂದಿನ ಡೇಟನ್ ನೆನಪಾಗದೆ ಇದ್ದೀತೇ? ಅಂದು ಒಬ್ಬನ ಕೈ, ಇಂದು ಒಬ್ಬನ ತಲೆ.

ಆದರೆ ಈ ಸಲ ಕುಸಿಯಲಿಲ್ಲ. ಬೆಂಚಿನಿಂದ ಬಂದ ಹುಡುಗರು ವಿಲ್ಕರ್ಸನ್‌ನ ಜಾಗ ತುಂಬಿದರು, ಬಕ್ನರ್ ಆಟ ನಡೆಸಿದ, ಮೇ ಮತ್ತು ಬೆನ್ಸನ್ ತಮ್ಮ ತಮ್ಮ ಜಾಗದಲ್ಲಿ ಚೆಂಡು ಸಿಕ್ಕಾಗಲೆಲ್ಲ ಹಾಕಿದರು. ದ್ವಿತೀಯಾರ್ಧವೊಂದರಲ್ಲೇ 57 ಅಂಕ. ಅಂತಿಮ ಲೆಕ್ಕ 86-68. ಮೇ 26, ಬೆನ್ಸನ್ 25. ಇಡೀ ಸೀಸನ್ 32 ಪಂದ್ಯ, 32 ಗೆಲುವು. ಅದಾದ ಮೇಲೆ 2025ರ ಸೀಸನ್ ಮುಗಿಯುವವರೆಗೂ ಆ ಮಟ್ಟದ ಪುರುಷರ ಯಾವ ಕಾಲೇಜು ಟೀಮಿಗೂ ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆಗಲು ಸಾಧ್ಯವಾಗಿಲ್ಲ. 1991ರಲ್ಲಿ ಲಾಸ್ ವೇಗಸ್ಸಿನ ನೆವಾಡಾ ಟೀಮು, 2015ರಲ್ಲಿ ಕೆಂಟಕಿ, 2021ರಲ್ಲಿ ಗೊನ್ಜಾಗಾ ಕೊನೆಯ ಮೆಟ್ಟಿಲುಗಳವರೆಗೆ ಸೋಲದೆ ಬಂದು ಅಲ್ಲಿ ಜಾರಿದವು.

ನಮ್ಮ ನೋಟೀಸು ಬೋರ್ಡಿನ ಮುಂದೆ

ಆದದ್ದೆಲ್ಲ ಆದಮೇಲೆ ಜಾಣನಾಗುವುದು ಸುಲಭ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಯಾರ ಕೈ ಮುರಿಯುತ್ತದೆ, ಯಾರ ತಲೆಗೆ ಏಟು ಬೀಳುತ್ತದೆ ಎಂದು ಯಾವ ಮುನ್ನೋಟವೂ ಹೇಳಲಾರದು. ಒಂದೊಂದು ಸ್ಥಾನವನ್ನು ತೂಗಿ ನೋಡಿ 1975ರ ಟೀಮೇ 1976ರದಕ್ಕಿಂತ ಬಲವಾಗಿತ್ತು ಎಂದು ವಾದಿಸುವವರೂ ಇದ್ದಾರೆ. ಅವರ ವಾದವೂ ತಳ್ಳಿಹಾಕುವಂಥದ್ದಲ್ಲ. ಗ್ರೀನ್‌ನ ಪಾಲಿಗಂತೂ 32-0 ಯಾವ ಸಮಾಧಾನವನ್ನೂ ತರಲಾರದು. ಅವನ ವರ್ಷ ಡೇಟನ್ನಿನಲ್ಲೇ ಮುಗಿದಿತ್ತು.

ನಾನು ಹೇಳುವುದು ಇಷ್ಟೇ. ಫಾರ್ವರ್ಡುಗಳ ಮುನ್ನೋಟ ಬರೆಯುವವನು ಅಂಕಪಟ್ಟಿಯನ್ನು ಕೆಳಗಿಟ್ಟು, ಪ್ರಾಕ್ಟೀಸು ನೋಡಲು ಹೋಗಬೇಕು. ಚೆಂಡು ಇದ್ದ ಕಡೆ ಎಲ್ಲರೂ ನೋಡುತ್ತಾರೆ; ಚೆಂಡು ಇಲ್ಲದ ಕಡೆ ಯಾರು ಏನು ಮಾಡುತ್ತಿದ್ದಾರೆ ಎಂದು ನೋಡಬೇಕು. ಸ್ಕ್ರೀನ್ ನಿಂತು ಎದೆಗೆ ಗುದ್ದಿಸಿಕೊಂಡವನು ಯಾರು, ಎಸೆತ ತಪ್ಪಿದೊಡನೆ ಎದುರಾಳಿಯನ್ನು ಬೆನ್ನಿನಿಂದ ಒತ್ತಿ ಹಿಡಿದವನು ಯಾರು ಎಂದು ಗುರುತಿಟ್ಟುಕೊಳ್ಳಬೇಕು. ಎರಡು ವರ್ಷ ಬೆಂಚಿನ ಮೇಲೆ ಕೂತ ಹುಡುಗನನ್ನು "ಅವನೇನು ಮಹಾ, ನಾಲ್ಕು ಪಾಯಿಂಟು" ಎಂದು ತಳ್ಳಿಹಾಕುವ ಮುನ್ನ, ಅವನಿಗೆ ಇದೇ ಕೊನೆಯ ವರ್ಷವೋ ಏನೋ ಎಂಬುದನ್ನೂ ನೆನೆಯಬೇಕು.

ಈ ಸಲ ಪಟ್ಟಿ ಬಿದ್ದಾಗ ನಮ್ಮ ಟೀಮಿನಲ್ಲಿ ಅಂಥವನು ಯಾರು, ಹುಡುಕಿ ನೋಡಿ. ಸಿಕ್ಕಿದರೆ ಮುಂದಿನ ಸಂಚಿಕೆಗೆ ನಾಲ್ಕು ಸಾಲು ಬರೆದು ಕೊಡಿ. ಸೀಸನ್ ಶುರುವಾಗುವ ಮುಂಚೆಯೇ ಕೊಡಿ, ಆಮೇಲಲ್ಲ.