ಕರಾಚಿಯ ಟಪ್ಪಾಲು, ಬಳ್ಳಾರಿಯ ರಾತ್ರಿ

ಜುಹು ವಿಮಾನ ನಿಲ್ದಾಣದ ಪಕ್ಕದ ರಸ್ತೆಯಲ್ಲಿ ಮುಂಬಯಿ ಕನ್ನಡಿಗರಾದ ನಾವು ಎಷ್ಟೋ ಸಲ ಓಡಾಡಿದ್ದೇವೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಬಂದು ಇಳಿದದ್ದು ಇಲ್ಲೇ ಎಂಬುದೂ ಹಲವರಿಗೆ ಗೊತ್ತು. ಆದರೆ ಆ ದಿನದ ಹಾರಾಟ ಜುಹುವಿನಲ್ಲಿ ಮುಗಿಯಲಿಲ್ಲ. ಅದು ಬಳ್ಳಾರಿಗೆ ಬಂತು. ಆ ಅರ್ಧ ಕತೆಯನ್ನು ನಾವೇ ಹೇಳಿಕೊಳ್ಳದಿದ್ದರೆ ಇನ್ಯಾರು ಹೇಳಬೇಕು?

ಒಂದು ಕಡೆ ಮರಳುಗಾಡು, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ಕರಾಚಿ. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ತಂದ ಟಪ್ಪಾಲು ಅಲ್ಲಿ ಇಳಿಯುತ್ತಿತ್ತು. ಅದನ್ನು ದಕ್ಷಿಣಕ್ಕೆ ಮುಟ್ಟಿಸಲು ಟಾಟಾ ಕಂಪನಿ ಇಟ್ಟುಕೊಂಡದ್ದು ಪುಸ್ ಮಾತ್ ಎಂಬ ಪುಟ್ಟ ವಿಮಾನಗಳನ್ನು. ಒಂದೇ ಎಂಜಿನ್, ರೇಡಿಯೊ ಇಲ್ಲ. ನಕ್ಷೆ, ದಿಕ್ಸೂಚಿ, ಪೈಲಟ್ಟಿನ ಕಣ್ಣು, ಇಷ್ಟೇ ಆಧಾರ. ಬೆಳಿಗ್ಗೆ ಹೊರಟ ಟಾಟಾ ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲಿನ ಡಬ್ಬಿಗಳು ಬಂದದ್ದು ಎತ್ತಿನ ಗಾಡಿಯಲ್ಲಿ! ಮಧ್ಯಾಹ್ನ 1.50ಕ್ಕೆ ಜುಹು.

ಅಲ್ಲಿಂದ ಮುಂದಿನ ಹಾರಾಟ ನೆವಿಲ್ ವಿನ್ಸೆಂಟ್ ಅವರದು. ಬ್ರಿಟಿಷ್ ವಾಯುಪಡೆಯಲ್ಲಿದ್ದವರು, ಈ ಟಪ್ಪಾಲು ಸೇವೆಯ ಯೋಜನೆ ಹುಟ್ಟಿದ್ದೂ ಅವರ ತಲೆಯಲ್ಲೇ. ಚೀಲ ಹೇರಿಕೊಂಡು ಬಳ್ಳಾರಿ ತಲುಪಿ ರಾತ್ರಿ ಅಲ್ಲೇ ತಂಗಿ, ಮರುದಿನ ಮದರಾಸು ಸೇರಿದರು. ಬಳ್ಳಾರಿ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು.

ಇದರ ಬೆಲೆ ತಿಳಿಯಬೇಕಾದರೆ ಪೈಠಣವನ್ನು ನೆನೆಯಬೇಕು. ಗೋದಾವರಿ ದಂಡೆಯ ಆ ಊರು ಭರೂಚ್ ಬಂದರಿನಿಂದ 20 ದಿನದ ದಾರಿ ಎಂದು ಸುಮಾರು 2000 ವರ್ಷ ಹಿಂದಿನ ಗ್ರೀಕ್ ಬರಹ 'ಪೆರಿಪ್ಲಸ್' ಲೆಕ್ಕ ಕೊಡುತ್ತದೆ. ದಖನ್ನಿನ ಒಳನಾಡಿಗೆ ಆ ಕರಾವಳಿ ಅಷ್ಟು ದೂರ. ರೈಲು ಬಂದು ದಾರಿ ಕಿರಿದಾಯಿತು, ನಿಜ. ಆದರೂ ಕರಾಚಿಯಲ್ಲಿ ಬೆಳಿಗ್ಗೆ ಹೊರಟ ಕಾಗದ ರಾತ್ರಿಗೆ ಬಳ್ಳಾರಿಯಲ್ಲಿ ಎಂದರೆ ಅಂದಿನವರಿಗೆ ಹೇಗನಿಸಿರಬೇಕು!

ಮುಂದೆ ಈ ಮಾರ್ಗಕ್ಕೆ ಹೈದರಾಬಾದ್ ಬಂತು, ಬಳ್ಳಾರಿ ತಪ್ಪಿತು. ವಿನ್ಸೆಂಟ್ 1942ರಲ್ಲಿ, ಯುದ್ಧದ ನಡುವೆ, ವಿಮಾನದೊಂದಿಗೇ ಕಣ್ಮರೆಯಾದರು.

1962ರಲ್ಲೂ 1982ರಲ್ಲೂ ಟಾಟಾ ಲೆಪರ್ಡ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೆ ಹಾರಿದರು. ಎರಡನೆಯ ಸಲ ಅವರಿಗೆ 78 ವರ್ಷ. 2021ರಲ್ಲಿ ಆರೋಹಿ ಪಂಡಿತ್ ಅದೇ ಜಾಡಿನಲ್ಲಿ, ಕರಾಚಿಯ ಬದಲು ಭುಜ್‌ನಿಂದ ಹೊರಟು, ಜುಹುವಿನಲ್ಲಿ ಇಳಿದರು. ಮೂರು ಸಲವೂ ಹಾರಾಟ ಮುಂಬಯಿಗೇ ನಿಂತಿತು. 2032ಕ್ಕೆ ನೂರು ವರ್ಷ. ಆಗಲಾದರೂ ಒಂದು ಪುಟ್ಟ ವಿಮಾನ ಜುಹುವಿನಿಂದ ಬಳ್ಳಾರಿಗೆ ಹೊರಡಲಿ. ಚೀಲಕ್ಕೆ ಹಾಕಲು ನಾವು ಕನ್ನಡದಲ್ಲಿ ಕಾಗದ ಬರೆದುಕೊಡೋಣ.